ಪಂಪು, ಬ್ಲೋವರ್, ಕನ್ವೇಯರ್ ಮೋಟಾರುಗಳಿಗೆ ಸಾಫ್ಟ್ ಸ್ಟಾರ್ಟರ್: ಯಾವ ಆರಂಭ ವಿಧಾನವನ್ನು ಆರಿಸಬೇಕು?

ಯಂತ್ರಪಾಲಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಘಟಕದಲ್ಲಿ ಈಗ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ (ವೈಂಡಿಂಗುಗಳನ್ನು ಮೊದಲು ಸ್ಟಾರ್ ರೂಪದಲ್ಲಿ, ಆಮೇಲೆ ಡೆಲ್ಟಾ ರೂಪದಲ್ಲಿ ಜೋಡಿಸುವಂಥದ್ದು) ನಡೆಯುತ್ತಿರುವ ಮೂರು ಮೋಟಾರುಗಳಿಗೆ ಸಾಫ್ಟ್ ಸ್ಟಾರ್ಟರ್ (ವೋಲ್ಟೇಜನ್ನು ಮೆಲ್ಲನೆ ಏರಿಸಿ ಮೋಟಾರನ್ನು ಹೊರಡಿಸುವ ಸಾಧನ) ಅಳವಡಿಸಬೇಕೆಂದು ತೀರ್ಮಾನವಾಗಿದೆ. ಮೂರೂ 400 ವೋಲ್ಟ್, 50 ಹರ್ಟ್ಸ್, ನಾಲ್ಕು ಪೋಲ್‌ಗಳ ಸ್ಕ್ವಿರಲ್ ಕೇಜ್ ಮೋಟಾರುಗಳು. ಮೊದಲನೆಯದು 55 ಕಿಲೋವ್ಯಾಟ್‌ನದು, ಸೆಂಟ್ರಿಫ್ಯೂಗಲ್ ಪಂಪನ್ನು ನಡೆಸುತ್ತದೆ. ಎರಡನೆಯದು 90 ಕಿಲೋವ್ಯಾಟ್‌ನದು, ದೊಡ್ಡ ಚಕ್ರವಿರುವ ಬ್ಲೋವರಿಗೆ ಜೋಡಿಸಿದೆ. ಮೂರನೆಯದು 75 ಕಿಲೋವ್ಯಾಟ್‌ನದು, ಬೆಲ್ಟ್ ಕನ್ವೇಯರಿನದು. ಈ ಕನ್ವೇಯರ್ ಕೆಲವೊಮ್ಮೆ ಸರಕು ತುಂಬಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ ಮತ್ತು ಅದೇ ಸ್ಥಿತಿಯಲ್ಲಿ ಮತ್ತೆ ಹೊರಡಬೇಕಾಗುತ್ತದೆ. ಮೂರಕ್ಕೂ ವಿದ್ಯುತ್ ಬರುವುದು ಒಂದೇ 630 ಕೆವಿಎ ಟ್ರಾನ್ಸ್‌ಫಾರ್ಮರಿನಿಂದ. ಅದರ ಇಂಪೀಡೆನ್ಸ್ ಶೇಕಡಾ 4 ಎಂದು ನೇಮ್‌ಪ್ಲೇಟಿನಲ್ಲಿದೆ.

ಬದಲಾವಣೆಗೆ ಕಾರಣಗಳು ಎರಡು. ಸ್ಟಾರಿನಿಂದ ಡೆಲ್ಟಾಕ್ಕೆ ಹೊರಳುವ ಕ್ಷಣದಲ್ಲಿ ಬ್ಲೋವರಿನ ಕಪ್ಲಿಂಗಿಗೂ ಕನ್ವೇಯರಿನ ಗೇರ್‌ಬಾಕ್ಸಿಗೂ ಬಲವಾದ ಏಟು ಬೀಳುತ್ತಿದೆ; ಪಂಪನ್ನು ನಿಲ್ಲಿಸಿದಾಗ ನಾನ್-ರಿಟರ್ನ್ ವಾಲ್ವ್ ಅಪ್ಪಳಿಸಿ ಕೊಳವೆಯ ಉದ್ದಕ್ಕೂ ಹೊಡೆತ ಕೇಳಿಸುತ್ತದೆ. ಇದರ ಜೊತೆಗೆ, ಆರಂಭದ ಕರೆಂಟು ಈಗಿರುವುದಕ್ಕಿಂತ ಕಡಿಮೆಯಾಗಬೇಕೆಂಬುದು ನಮ್ಮ ಮೇಲಧಿಕಾರಿಗಳ ಅಪೇಕ್ಷೆ.

ನೋಡಿರುವ ಸಾಫ್ಟ್ ಸ್ಟಾರ್ಟರುಗಳ ಕೈಪಿಡಿಗಳಲ್ಲಿ ವೋಲ್ಟೇಜ್ ರ‍್ಯಾಂಪ್, ಕರೆಂಟ್ ಲಿಮಿಟ್, ಟಾರ್ಕ್ ಕಂಟ್ರೋಲ್ (ಟಾರ್ಕ್ ಎಂದರೆ ಶಾಫ್ಟನ್ನು ತಿರುಗಿಸುವ ಬಲ), ಕಿಕ್ ಸ್ಟಾರ್ಟ್ ಎಂಬ ವಿಧಾನಗಳನ್ನು ಹೇಳಿದ್ದಾರೆ. ಮೂರಕ್ಕೂ ಕರೆಂಟ್ ಲಿಮಿಟ್ ಇಟ್ಟು, ಮಿತಿಯನ್ನು ಪೂರ್ಣಭಾರದ ಕರೆಂಟಿನ ಮೂರೂವರೆ ಪಟ್ಟಿಗೆ ಹೊಂದಿಸಿದರೆ ಸಾಕಲ್ಲವೇ ಎಂಬುದು ನನ್ನ ಮೊದಲ ಪ್ರಶ್ನೆ. ಮೋಟಾರುಗಳಿಗೆ ಈಗಾಗಲೇ ಆರು ಕೇಬಲ್‌ಗಳು ಹೋಗಿರುವುದರಿಂದ ಡೆಲ್ಟಾದ ಒಳಗೇ (ಪ್ರತಿ ವೈಂಡಿಂಗಿನೊಂದಿಗೆ ಸರಣಿಯಲ್ಲಿ) ಸ್ಟಾರ್ಟರನ್ನು ಜೋಡಿಸಿ ಚಿಕ್ಕ ಅಳತೆಯದನ್ನು ಕೊಳ್ಳಬಹುದೇ ಎಂಬುದು ಎರಡನೆಯದು.

ಬ್ಲೋವರ್ ಮೋಟಾರಿನ ಡೇಟಾ ಶೀಟ್ ಕೈಯಲ್ಲಿದೆ: ಪೂರ್ಣಭಾರದ ಕರೆಂಟು 160 ಆಂಪಿಯರ್, ವೇಗ ನಿಮಿಷಕ್ಕೆ 1485 ಸುತ್ತು, ನೇರವಾಗಿ ಆರಂಭಿಸಿದರೆ ಕರೆಂಟು 7 ಪಟ್ಟು, ಆರಂಭದ ಟಾರ್ಕ್ ಶೇಕಡಾ 220. ಬ್ಲೋವರ್ ಚಕ್ರದ ಜಡತೆ ಮೋಟಾರಿನ ಶಾಫ್ಟಿಗೆ ಲೆಕ್ಕ ಹಾಕಿದಾಗ ಸುಮಾರು 60 ಕೆಜಿ-ಚದರ ಮೀಟರ್. ಆರಂಭಿಸುವಾಗ ಡ್ಯಾಂಪರನ್ನು (ಗಾಳಿಯ ಹರಿವನ್ನು ತಡೆಯುವ ಕವಾಟವನ್ನು) ಮುಚ್ಚಿಡಬಹುದು. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಟಾರ್ಕ್‌ಲೆಕ್ಕ:

ನಮಸ್ಕಾರ. ಬ್ಲೋವರಿನ ಎಲ್ಲ ಅಂಕಿಗಳನ್ನೂ ಕೊಟ್ಟಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಹೆಚ್ಚಿನವರು ಕಿಲೋವ್ಯಾಟ್ ಒಂದನ್ನೇ ಹೇಳಿ ಯಾವ ವಿಧಾನವೆಂದು ಕೇಳುತ್ತಾರೆ. ಕಿಲೋವ್ಯಾಟಿನಿಂದ ಆರಂಭದ ಬಗ್ಗೆ ತಿಳಿಯುವುದು ತೀರ ಕಡಿಮೆ.

ಮೂರಕ್ಕೂ ಮೂರೂವರೆ ಪಟ್ಟು ಎಂಬ ನಿರ್ಧಾರವನ್ನು ಮೊದಲು ಕೈಬಿಡಬೇಕೆಂದು ನನ್ನ ವಿನಂತಿ. ಸಾಫ್ಟ್ ಸ್ಟಾರ್ಟರ್ ಮಾಡುವುದು ಒಂದೇ ಕೆಲಸ: ಪ್ರತಿ ಫೇಸಿನಲ್ಲಿ ಎದುರುಬದುರಾಗಿ ಜೋಡಿಸಿದ ಎರಡು ಥೈರಿಸ್ಟರುಗಳ (ಎಲೆಕ್ಟ್ರಾನಿಕ್ ಸ್ವಿಚ್ಚುಗಳ) ಮೂಲಕ ವೋಲ್ಟೇಜಿನ ಅಲೆಯ ಒಂದು ಭಾಗವನ್ನು ಕತ್ತರಿಸಿ, ಮೋಟಾರಿಗೆ ಸಿಗುವ ವೋಲ್ಟೇಜನ್ನು ಇಳಿಸುವುದು. ಆವರ್ತನ 50 ಹರ್ಟ್ಸ್‌ನಲ್ಲೇ ಉಳಿಯುತ್ತದೆ. ವೋಲ್ಟೇಜ್ ಇಳಿದಷ್ಟೇ ಪ್ರಮಾಣದಲ್ಲಿ ಕರೆಂಟು ಇಳಿಯುತ್ತದೆ, ಆದರೆ ಟಾರ್ಕ್ ಇಳಿಯುವುದು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ. ಅರ್ಧ ಕರೆಂಟು ಬೇಕೆಂದರೆ ಟಾರ್ಕ್ ಕಾಲುಭಾಗಕ್ಕೆ ಇಳಿಯುವುದನ್ನು ಒಪ್ಪಿಕೊಳ್ಳಲೇಬೇಕು. ವೋಲ್ಟೇಜ್ ರ‍್ಯಾಂಪ್, ಕರೆಂಟ್ ಲಿಮಿಟ್, ಟಾರ್ಕ್ ಕಂಟ್ರೋಲ್ ಇವೆಲ್ಲವೂ ಆ ವೋಲ್ಟೇಜನ್ನು ಯಾವ ಅಳತೆ ನೋಡಿಕೊಂಡು ಏರಿಸಬೇಕೆಂಬ ಬೇರೆ ಬೇರೆ ಕ್ರಮಗಳಷ್ಟೇ. ಯಾವುದೂ ಮೋಟಾರಿನಲ್ಲಿ ಇಲ್ಲದ ಟಾರ್ಕನ್ನು ತಂದುಕೊಡುವುದಿಲ್ಲ.

ಈಗ ನಿಮ್ಮ ಬ್ಲೋವರನ್ನು ನೋಡೋಣ. 90 ಕಿಲೋವ್ಯಾಟ್, 1485 ಸುತ್ತು ಎಂದರೆ ಪೂರ್ಣಭಾರದ ಟಾರ್ಕ್ ಸುಮಾರು 579 ನ್ಯೂಟನ್-ಮೀಟರ್. ಮಿತಿಯನ್ನು ಮೂರೂವರೆ ಪಟ್ಟಿಗೆ ಇಟ್ಟರೆ, ಏಳರಲ್ಲಿ ಮೂರೂವರೆ ಎಂದರೆ ಅರ್ಧ, ಅದರ ವರ್ಗ ಕಾಲು. 220ರಲ್ಲಿ ಕಾಲುಭಾಗ 55. ಅಂದರೆ ನಿಂತ ಸ್ಥಿತಿಯಲ್ಲಿ ಮೋಟಾರು ಪೂರ್ಣಭಾರದ ಶೇಕಡಾ 55ರಷ್ಟು ಟಾರ್ಕನ್ನು ಮಾತ್ರ ಕೊಡುತ್ತದೆ. ಡ್ಯಾಂಪರ್ ಮುಚ್ಚಿದ ಬ್ಲೋವರಿಗೆ ಆರಂಭದ ಅವಧಿಯಲ್ಲಿ ಸರಾಸರಿ ಶೇಕಡಾ 20 ಬೇಕೆಂದು ಹಿಡಿದರೆ, ವೇಗ ಹೆಚ್ಚಿಸಲು ಉಳಿಯುವುದು ಶೇಕಡಾ 35, ಸುಮಾರು 200 ನ್ಯೂಟನ್-ಮೀಟರ್. ಜಡತೆಯನ್ನು ಕೋನೀಯ ವೇಗದಿಂದ ಗುಣಿಸಿ ಈ ಉಳಿಕೆ ಟಾರ್ಕಿನಿಂದ ಭಾಗಿಸಿದರೆ ಆರಂಭಕ್ಕೆ ಹಿಡಿಯುವ ಕಾಲ ಸುಮಾರು 46 ಸೆಕೆಂಡ್. ಮಿತಿಯನ್ನು ನಾಲ್ಕೂವರೆ ಪಟ್ಟಿಗೆ ಏರಿಸಿದರೆ ಟಾರ್ಕ್ ಶೇಕಡಾ 91ಕ್ಕೆ ಏರುತ್ತದೆ, ಉಳಿಕೆ ಶೇಕಡಾ 71 ಆಗುತ್ತದೆ, ಕಾಲ 23 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ವೇಗ ಹೆಚ್ಚಿದಂತೆ ಅದೇ ಕರೆಂಟಿಗೆ ಸಿಗುವ ಟಾರ್ಕ್ ಏರುವುದರಿಂದ ವಾಸ್ತವದಲ್ಲಿ ಎರಡೂ ಕಾಲಗಳು ಇನ್ನಷ್ಟು ಕಡಿಮೆಯಿರಬಹುದು. ಆದರೆ ಎರಡರ ನಡುವಿನ ಅಂತರ ಉಳಿದೇ ಇರುತ್ತದೆ.

ಇಲ್ಲಿ ಹಲವರು ಗಮನಿಸದೆ ಬಿಡುವ ಒಂದು ವಿಷಯವಿದೆ. ಮಿತಿ ಕಡಿಮೆಯಿದ್ದರೆ ಮೋಟಾರಿಗೆ ಆಯಾಸ ಕಡಿಮೆ ಎಂದು ತೋರುತ್ತದೆ, ಆದರೆ ಭಾರಿ ಜಡತೆಯ ಹೊರೆಯಲ್ಲಿ ಅದು ಹಾಗಲ್ಲ. ಸ್ಟೇಟರಿನ ಕಾವು ಕರೆಂಟಿನ ವರ್ಗವನ್ನು ಕಾಲದಿಂದ ಗುಣಿಸಿದಷ್ಟು. ಮೂರೂವರೆಯ ವರ್ಗವನ್ನು 46ರಿಂದ ಗುಣಿಸಿದರೆ 560ಕ್ಕಿಂತ ಹೆಚ್ಚು. ನಾಲ್ಕೂವರೆಯ ವರ್ಗವನ್ನು 23ರಿಂದ ಗುಣಿಸಿದರೆ ಸುಮಾರು 466. ಕಡಿಮೆ ಕರೆಂಟಿನ ಆರಂಭವೇ ಮೋಟಾರನ್ನು ಹೆಚ್ಚು ಕಾಯಿಸಿತು. ರೋಟರಿನ ವಿಷಯದಲ್ಲಂತೂ ಯಾವ ಸ್ಟಾರ್ಟರ್ ಹಾಕಿದರೂ ಪಾರಾಗುವ ದಾರಿಯಿಲ್ಲ: ಚಕ್ರವನ್ನು ಪೂರ್ಣ ವೇಗಕ್ಕೆ ತರುವಾಗ ಅದರಲ್ಲಿ ಶೇಖರವಾಗುವ ಚಲನಶಕ್ತಿಯಷ್ಟೇ ಶಕ್ತಿ, ನಿಮ್ಮಲ್ಲಿ ಸುಮಾರು 725 ಕಿಲೋಜೂಲ್, ರೋಟರಿನ ಸರಳುಗಳಲ್ಲಿ ಶಾಖವಾಗಿಯೇ ತೀರುತ್ತದೆ, ಹೊರೆಯ ಟಾರ್ಕ್ ಸೇರಿದರೆ ಅದಕ್ಕಿಂತ ಹೆಚ್ಚು. ಆದ್ದರಿಂದ ಬ್ಲೋವರಿಗೆ ಕರೆಂಟ್ ಲಿಮಿಟ್ ವಿಧಾನ ಸರಿ, ಆದರೆ ಮಿತಿ ನಾಲ್ಕೂವರೆ ಪಟ್ಟಿನ ಹತ್ತಿರವಿರಲಿ. ಡ್ಯಾಂಪರ್ ಮುಚ್ಚಿರುವುದನ್ನು ಲಿಮಿಟ್ ಸ್ವಿಚ್ಚಿನಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಆರಂಭದ ಆದೇಶ ಹೋಗುವಂತೆ ಇಂಟರ್‌ಲಾಕ್ ಕೊಡಿ. ಓವರ್‌ಲೋಡ್ ರಕ್ಷಣೆಗೆ ಸಾಮಾನ್ಯವಾಗಿ ಇಡುವ ಕ್ಲಾಸ್ 10 (ಕ್ಲಾಸಿನ ಅಂಕಿ ಹೆಚ್ಚಿದಷ್ಟೂ ಟ್ರಿಪ್ ತಡವಾಗುತ್ತದೆ) ಇಲ್ಲಿ ಆರಂಭ ಮುಗಿಯುವ ಮೊದಲೇ ಟ್ರಿಪ್ ಆಗಬಹುದು. ಕ್ಲಾಸ್ 20 ಅಥವಾ 30 ಬೇಕಾಗುತ್ತದೆ. ಅಷ್ಟು ಕಾಲವನ್ನು ಮೋಟಾರು ತಾಳುತ್ತದೆಯೇ ಎಂಬುದನ್ನು ತಯಾರಕರಿಂದಲೇ ಬರಹದಲ್ಲಿ ಪಡೆಯಿರಿ.

ಮೇಲಧಿಕಾರಿಗಳ ಅಪೇಕ್ಷೆಯ ಬಗ್ಗೆ ಈಗಲೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಸ್ಟಾರ್ ಜೋಡಣೆಯಲ್ಲಿ ಟಾರ್ಕ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಲೈನ್ ಕರೆಂಟೂ ಮೂರನೇ ಒಂದು ಭಾಗಕ್ಕೇ ಇಳಿಯುತ್ತದೆ. ಅಂದರೆ ಈಗ ನಿಮ್ಮ ಬ್ಲೋವರ್ ಸುಮಾರು 2.3 ಪಟ್ಟು ಕರೆಂಟಿನಲ್ಲಿ ಶೇಕಡಾ 73 ಟಾರ್ಕ್ ಪಡೆಯುತ್ತಿದೆ. ಅಷ್ಟೇ ಟಾರ್ಕ್ ಕೊಡಲು ಸಾಫ್ಟ್ ಸ್ಟಾರ್ಟರಿಗೆ ನಾಲ್ಕು ಪಟ್ಟು ಬೇಕು. ಆದ್ದರಿಂದ ಆರಂಭದ ಅವಧಿಯ ಕರೆಂಟು ಸ್ಟಾರ್-ಡೆಲ್ಟಾಕ್ಕಿಂತ ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗುತ್ತದೆ. ಸಾಫ್ಟ್ ಸ್ಟಾರ್ಟರಿನಿಂದ ನಿಮಗೆ ಸಿಗುವ ಲಾಭ ಬೇರೆ: ಸ್ಟಾರಿನಿಂದ ಡೆಲ್ಟಾಕ್ಕೆ ಹೊರಳುವಾಗ ಕ್ಷಣಮಾತ್ರ ಏಳುವ ಭಾರಿ ಕರೆಂಟು ಮತ್ತು ಅದರೊಂದಿಗೆ ಬೀಳುವ ಟಾರ್ಕಿನ ಏಟು, ಎರಡೂ ಇಲ್ಲವಾಗುತ್ತವೆ. ಟ್ರಾನ್ಸ್‌ಫಾರ್ಮರಿನ ಬಗ್ಗೆ ಚಿಂತೆ ಬೇಡ. ಅದರ ಪೂರ್ಣ ಕರೆಂಟು ಸುಮಾರು 909 ಆಂಪಿಯರ್. 160ರ ನಾಲ್ಕೂವರೆ ಪಟ್ಟು 720 ಆಂಪಿಯರ್ ಎಳೆದಾಗ ಅದರೊಳಗಿನ ವೋಲ್ಟೇಜ್ ಇಳಿತ ಶೇಕಡಾ 3ರಿಂದ 3.5ರ ನಡುವೆ ಇರುತ್ತದೆ. ಉಳಿದ ಹೊರೆಯ ಮತ್ತು ಕೇಬಲ್‌ಗಳ ಇಳಿತವನ್ನು ಇದಕ್ಕೆ ಸೇರಿಸಿ ನೋಡಿಕೊಳ್ಳಿ; ಒಂದೇ ಹೊತ್ತಿಗೆ ಎರಡು ಮೋಟಾರುಗಳು ಆರಂಭವಾಗದಂತೆ ತಡೆಯಿಟ್ಟರೆ ಸಾಕು.

ಜಲಮಾರ್ಗ:

ಬ್ಲೋವರಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ಪಂಪಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇಲ್ಲಿ ಕಷ್ಟವಿರುವುದು ಆರಂಭದಲ್ಲಲ್ಲ, ನಿಲುಗಡೆಯಲ್ಲಿ.

ಸೆಂಟ್ರಿಫ್ಯೂಗಲ್ ಪಂಪು ಸಾಫ್ಟ್ ಸ್ಟಾರ್ಟರಿಗೆ ಹೇಳಿ ಮಾಡಿಸಿದಂಥ ಹೊರೆ. ಸೀಲು, ಬೇರಿಂಗುಗಳ ಹಿಡಿತ ಬಿಡಿಸಲು ಬೇಕಾದ ಅಲ್ಪ ಟಾರ್ಕನ್ನು ಬಿಟ್ಟರೆ, ಹೊರೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಅರ್ಧ ವೇಗದಲ್ಲಿ ಕಾಲುಭಾಗದಷ್ಟು ಟಾರ್ಕ್ ಸಾಕು. ಹಾಗಾಗಿ ಇಲ್ಲಿ ಮೂರರಿಂದ ಮೂರೂವರೆ ಪಟ್ಟಿನ ಮಿತಿ ಬಹುತೇಕ ಸಾಲುತ್ತದೆ. ಆದರೆ ವೋಲ್ಟೇಜನ್ನು ಸಮನಾಗಿ ಏರಿಸಿದರೆ ವೇಗವೂ ಸಮನಾಗಿ ಏರುತ್ತದೆಂದು ತಿಳಿಯಬಾರದು. ಇಂಡಕ್ಷನ್ ಮೋಟಾರಿನ ಗರಿಷ್ಠ ಟಾರ್ಕ್ ಪೂರ್ಣ ವೇಗದ ಹತ್ತಿರ ಬರುತ್ತದೆ. ಆ ಹಂತ ತಲುಪಿದೊಡನೆ ಮೋಟಾರು ಉಳಿದ ವೇಗವನ್ನು ಒಂದೇ ಎಳೆತದಲ್ಲಿ ಪಡೆದುಬಿಡುತ್ತದೆ. ನೀರು ನಿಜವಾಗಿ ಹರಿಯತೊಡಗುವುದೂ ಆ ವೇಗದಲ್ಲೇ ಆದ್ದರಿಂದ, ಹತ್ತು ಸೆಕೆಂಡಿನ ರ‍್ಯಾಂಪ್ ಇಟ್ಟರೂ ಕೊಳವೆಯೊಳಗಿನ ನೀರಿಗೆ ಮಾತ್ರ ಒಂದೆರಡು ಸೆಕೆಂಡಿನಲ್ಲೇ ತಳ್ಳು ಸಿಕ್ಕಂತಾಗುತ್ತದೆ.

ನಿಲ್ಲಿಸುವಾಗ ಇದೇ ತೊಂದರೆ ತಿರುವುಮುರುವಾಗಿ ಬರುತ್ತದೆ. ಸಾಧಾರಣ ಸಾಫ್ಟ್ ಸ್ಟಾಪಿನಲ್ಲಿ ವೋಲ್ಟೇಜ್ ನಿಧಾನವಾಗಿ ಇಳಿಯುತ್ತಾ ಹೋದರೂ ವೇಗ ಹೆಚ್ಚೇನೂ ಬದಲಾಗುವುದಿಲ್ಲ, ಕರೆಂಟು ಮಾತ್ರ ಮೆಲ್ಲನೆ ಏರುತ್ತಿರುತ್ತದೆ. ಮೋಟಾರಿನ ಗರಿಷ್ಠ ಟಾರ್ಕ್ ಹೊರೆಯ ಟಾರ್ಕಿಗಿಂತ ಕೆಳಗಿಳಿದ ಕ್ಷಣದಲ್ಲಿ ಪಂಪು ಒಮ್ಮೆಗೇ ಕುಸಿಯುತ್ತದೆ. ಕೊಳವೆಯಲ್ಲಿ ಮುಂದೆ ಸಾಗುತ್ತಿದ್ದ ನೀರು ಹಿಂದಿರುಗಿ ವಾಲ್ವನ್ನು ಅಪ್ಪಳಿಸುತ್ತದೆ. ನೀವು ಕೇಳುತ್ತಿರುವ ಹೊಡೆತವೇ ಮತ್ತೆ, ಕೆಲವು ಸೆಕೆಂಡು ತಡವಾಗಿ, ಕೇಳಿಸುತ್ತದೆ. ಸ್ಟಾಪ್ ರ‍್ಯಾಂಪಿನ ಕಾಲವನ್ನು ಇಮ್ಮಡಿ ಮಾಡಿದರೂ ಈ ಕುಸಿತ ತಪ್ಪುವುದಿಲ್ಲ.

ಆದ್ದರಿಂದ ಪಂಪಿಗೆ ಟಾರ್ಕ್ ಕಂಟ್ರೋಲ್ ಅಥವಾ ಪಂಪಿಗೆಂದೇ ರೂಪಿಸಿದ ನಿಲುಗಡೆಯ ಸೌಲಭ್ಯವಿರುವ ಸ್ಟಾರ್ಟರನ್ನೇ ಕೊಳ್ಳಿರಿ. ಅದು ಕರೆಂಟು, ವೋಲ್ಟೇಜ್, ಪವರ್ ಫ್ಯಾಕ್ಟರುಗಳಿಂದ ಮೋಟಾರಿನ ಟಾರ್ಕನ್ನು ಲೆಕ್ಕ ಹಾಕಿ, ಟಾರ್ಕೇ ನಿಧಾನವಾಗಿ ಇಳಿಯುವಂತೆ ವೋಲ್ಟೇಜನ್ನು ತಿದ್ದುತ್ತಾ ಹೋಗುತ್ತದೆ. ಕೊಳವೆ ಉದ್ದವಿದ್ದಷ್ಟೂ ನಿಲುಗಡೆಯ ಕಾಲ ಹೆಚ್ಚು ಬೇಕು. ಆ ಕಾಲದಲ್ಲೂ ಥೈರಿಸ್ಟರುಗಳು ಭಾರಿ ಕರೆಂಟನ್ನು ಹೊರುತ್ತವೆ ಎಂಬುದನ್ನು ಸ್ಟಾರ್ಟರಿನ ಅಳತೆ ನಿರ್ಧರಿಸುವಾಗ ಮರೆಯಬಾರದು. ಆದರೆ ವಿದ್ಯುತ್ತೇ ಹೋದಾಗ ಯಾವ ಸಾಫ್ಟ್ ಸ್ಟಾರ್ಟರೂ ಕೊಳವೆಯನ್ನು ಕಾಪಾಡಲಾರದು. ಆ ಹೊಡೆತಕ್ಕೆ ಬೇಕಾದ ವಾಲ್ವು, ಏರ್ ವೆಸೆಲ್‌ಗಳ ಏರ್ಪಾಡು ಬೇರೆಯೇ ಇರಬೇಕು.

ಯಂತ್ರಪಾಲಕ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆರಂಭದ ಕರೆಂಟು ಸ್ಟಾರ್-ಡೆಲ್ಟಾಕ್ಕಿಂತ ಹೆಚ್ಚಾಗುತ್ತದೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಇದನ್ನು ಲೆಕ್ಕದ ಸಮೇತ ಮೇಲಧಿಕಾರಿಗಳ ಮುಂದಿಡುತ್ತೇನೆ. ಕನ್ವೇಯರ್ ಮೋಟಾರಿನ ವಿವರಗಳು ಈಗ ಸಿಕ್ಕಿವೆ: ನೇರ ಆರಂಭದಲ್ಲಿ ಕರೆಂಟು 6.5 ಪಟ್ಟು, ಟಾರ್ಕ್ ಶೇಕಡಾ 180. ಸರಕು ತುಂಬಿದ ಬೆಲ್ಟನ್ನು ಕದಲಿಸಲು ಪೂರ್ಣಭಾರದ ಶೇಕಡಾ 130ರಷ್ಟು ಟಾರ್ಕ್ ಬೇಕೆಂದು ಕನ್ವೇಯರ್ ವಿನ್ಯಾಸದ ಕಾಗದಗಳಲ್ಲಿದೆ. ಸ್ಟಾರ್-ಡೆಲ್ಟಾದಲ್ಲಿ ತುಂಬಿದ ಬೆಲ್ಟ್ ಸ್ಟಾರಿನಲ್ಲಿ ಕದಲುವುದೇ ಇಲ್ಲ, ಡೆಲ್ಟಾಕ್ಕೆ ಹೊರಳಿದಾಗಲೇ ಜಗ್ಗಿಕೊಂಡು ಹೊರಡುತ್ತದೆ. ಇದಕ್ಕೆ ಕಿಕ್ ಸ್ಟಾರ್ಟ್ ಸರಿಹೋಗುತ್ತದೆಯೇ? ಇನ್ನೊಂದು ವಿಷಯ: ಪಂಪು ಮತ್ತು ಬ್ಲೋವರ್ ಮೋಟಾರುಗಳ ಕಡೆಗೆ ಪವರ್ ಫ್ಯಾಕ್ಟರ್ ಕೆಪಾಸಿಟರುಗಳನ್ನು ಜೋಡಿಸಿದ್ದಾರೆ. ಅವು ಹಾಗೆಯೇ ಇರಬಹುದೇ?

ಫಲಕವಿನ್ಯಾಸ:

ಕೆಪಾಸಿಟರುಗಳು ಖಂಡಿತ ಹಾಗೆಯೇ ಇರಬಾರದು. ಸಾಫ್ಟ್ ಸ್ಟಾರ್ಟರಿಗೂ ಮೋಟಾರಿಗೂ ನಡುವೆ ಕೆಪಾಸಿಟರ್ ಇದ್ದರೆ, ಥೈರಿಸ್ಟರ್ ಪ್ರತಿ ಅರ್ಧ ಅಲೆಯಲ್ಲೂ ತೆರೆದಾಗ ಅದರ ಮೂಲಕ ಚಾರ್ಜಿಂಗ್ ಕರೆಂಟು ನುಗ್ಗಿ ಥೈರಿಸ್ಟರನ್ನೇ ಸುಡಬಹುದು. ಅವುಗಳನ್ನು ಸ್ಟಾರ್ಟರಿನ ಪೂರೈಕೆ ಬದಿಗೆ ತಂದು, ಪ್ರತ್ಯೇಕ ಕಾಂಟ್ಯಾಕ್ಟರಿನ ಮೂಲಕ, ಬೈಪಾಸ್ (ಆರಂಭ ಮುಗಿದ ಮೇಲೆ ಥೈರಿಸ್ಟರುಗಳ ಬದಲು ಕರೆಂಟನ್ನು ಹೊರುವ ಕಾಂಟ್ಯಾಕ್ಟರ್) ಮುಚ್ಚಿದ ನಂತರವೇ ಸೇರುವಂತೆ ಮತ್ತು ನಿಲುಗಡೆ ಆರಂಭವಾಗುವ ಮೊದಲೇ ಬಿಡುವಂತೆ ಮಾಡಿ. ಫಲಕದ ಕೆಲಸ ಶುರುವಾಗುವ ಮೊದಲೇ ಇದನ್ನು ಕೇಳಿದ್ದು ಒಳ್ಳೆಯದಾಯಿತು.

ಡೆಲ್ಟಾದ ಒಳಗಿನ ಜೋಡಣೆಯ ಬಗ್ಗೆ ನೀವು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹಾಗೆ ಜೋಡಿಸಿದಾಗ ಸ್ಟಾರ್ಟರ್ ಹೊರುವುದು ವೈಂಡಿಂಗಿನ ಕರೆಂಟನ್ನು ಮಾತ್ರ, ಅಂದರೆ ಲೈನ್ ಕರೆಂಟಿನ ಶೇಕಡಾ 58. ನಿಮ್ಮ 160 ಆಂಪಿಯರ್ ಮೋಟಾರಿಗೆ ಸುಮಾರು 93 ಆಂಪಿಯರಿನ ಲೆಕ್ಕದಲ್ಲಿ ಸ್ಟಾರ್ಟರ್ ಆರಿಸಬಹುದು, ಈಗಿರುವ ಆರು ಕೇಬಲ್‌ಗಳನ್ನೇ ಬಳಸಬಹುದು. ಇದು ನಿಜವಾದ ಉಳಿತಾಯ. ಆದರೆ ಮೂರು ಎಚ್ಚರಿಕೆಗಳಿವೆ. ಮೋಟಾರು ನಿಮ್ಮ ಪೂರೈಕೆಯ ವೋಲ್ಟೇಜಿನಲ್ಲಿ ಡೆಲ್ಟಾದಲ್ಲಿ ನಡೆಯುವಂಥದ್ದಾಗಿರಬೇಕು. ಸ್ಟಾರ್-ಡೆಲ್ಟಾದಲ್ಲಿ ಇದ್ದುದರಿಂದ ನಿಮ್ಮದು ಹಾಗೆಯೇ ಇದೆ. ಸ್ಟಾರ್ಟರ್ ನಿಂತಿದ್ದಾಗಲೂ ವೈಂಡಿಂಗಿನ ಒಂದು ತುದಿ ನೇರವಾಗಿ ಲೈನಿಗೆ ಸೇರಿಕೊಂಡಿರುವುದರಿಂದ ಮುಂದುಗಡೆ ಮೇನ್ ಕಾಂಟ್ಯಾಕ್ಟರ್ ಇರಲೇಬೇಕು. ವೈಂಡಿಂಗಿನ ಆರು ತುದಿಗಳಲ್ಲಿ ಒಂದು ಜೋಡಿ ಅದಲುಬದಲಾದರೂ ಆರಂಭದ ಕ್ಷಣದಲ್ಲೇ ಭಾರಿ ಹಾನಿಯಾಗುತ್ತದೆ. ಕೇಬಲ್‌ಗಳ ಗುರುತು ಹಳೆಯದಾಗಿದ್ದರೆ ಮೀಟರ್ ಹಿಡಿದು ಪ್ರತಿಯೊಂದನ್ನೂ ಮತ್ತೆ ಖಚಿತಪಡಿಸಿಕೊಳ್ಳಿ. ಇದರ ಜೊತೆಗೆ, ಕೆಲವು ತಯಾರಿಕೆಗಳಲ್ಲಿ ಟಾರ್ಕ್ ಕಂಟ್ರೋಲ್, ಬ್ರೇಕಿಂಗ್‌ನಂಥ ಸೌಲಭ್ಯಗಳು ಈ ಜೋಡಣೆಯಲ್ಲಿ ದೊರೆಯುವುದಿಲ್ಲ. ಆದ್ದರಿಂದ ನಾನಾಗಿದ್ದರೆ ಬ್ಲೋವರಿಗೆ ಡೆಲ್ಟಾದ ಒಳಗೆ, ಪಂಪಿಗೆ ಲೈನಿನಲ್ಲಿ ಜೋಡಿಸುತ್ತಿದ್ದೆ.

ಸ್ಟಾರ್ಟರಿನ ಅಳತೆಯನ್ನು ಆಂಪಿಯರ್ ಒಂದನ್ನೇ ನೋಡಿ ಕೊಳ್ಳಬೇಡಿ. ಐಇಸಿ 60947-4-2 ಮಾನಕದಂತೆ ಸ್ಟಾರ್ಟರಿನ ಮೇಲೆ ಎಸಿ-53ಬಿ ಎಂಬ ವರ್ಗದೊಂದಿಗೆ ಕೆಲವು ಅಂಕಿಗಳು ಇರುತ್ತವೆ. ಉದಾಹರಣೆಗೆ 4.5-30: 1770 ಎಂದಿದ್ದರೆ, ನಾಲ್ಕೂವರೆ ಪಟ್ಟು ಕರೆಂಟನ್ನು 30 ಸೆಕೆಂಡು ತಾಳುತ್ತದೆ, ಆಮೇಲೆ ಮುಂದಿನ ಆರಂಭಕ್ಕೆ 1770 ಸೆಕೆಂಡಿನ ಬಿಡುವು ಬೇಕು, ಅಂದರೆ ಗಂಟೆಗೆ ಎರಡು ಆರಂಭ ಎಂದರ್ಥ. ಅದೇ ಆಂಪಿಯರಿನ ಇನ್ನೊಂದು ಸ್ಟಾರ್ಟರ್ ಮೂರು ಪಟ್ಟನ್ನು ಹತ್ತು ಸೆಕೆಂಡು ಮಾತ್ರ ತಾಳುವಂಥದ್ದಾಗಿದ್ದರೆ ನಿಮ್ಮ ಬ್ಲೋವರಿಗೆ ಅದರಿಂದ ಪ್ರಯೋಜನವಿಲ್ಲ. ಎರಡೇ ಫೇಸುಗಳನ್ನು ನಿಯಂತ್ರಿಸುವ ಅಗ್ಗದ ಮಾದರಿಗಳೂ ಇವೆ. ಅವುಗಳಲ್ಲಿ ಫೇಸುಗಳ ಕರೆಂಟು ಅಸಮವಾಗುವುದರಿಂದ ಇಷ್ಟು ದೀರ್ಘ ಆರಂಭಕ್ಕೆ ಅವು ಸಲ್ಲವು. ಬೈಪಾಸ್ ಕಾಂಟ್ಯಾಕ್ಟರ್ ಮೂರಕ್ಕೂ ಇರಲಿ. ಥೈರಿಸ್ಟರುಗಳಲ್ಲಿ ಒಂದು ಆಂಪಿಯರಿಗೆ ಮೂರು ಫೇಸು ಸೇರಿ ಸುಮಾರು 3 ವ್ಯಾಟ್ ಶಾಖ ಹುಟ್ಟುತ್ತದೆ. ಲೈನಿನಲ್ಲಿ ಜೋಡಿಸಿದ 160 ಆಂಪಿಯರಿಗೆ ಅದು 480 ವ್ಯಾಟ್. ಮುಚ್ಚಿದ ಫಲಕದೊಳಗೆ ದಿನವಿಡೀ ಅಷ್ಟು ಶಾಖವನ್ನು ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ.

ಟಾರ್ಕ್‌ಲೆಕ್ಕ:

ಕನ್ವೇಯರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಂಕಿಗಳನ್ನು ಅದೇ ಲೆಕ್ಕಕ್ಕೆ ಹಾಕಿ ನೋಡಿ: 180ರಲ್ಲಿ 130 ಎಂದರೆ 0.72, ಅದರ ವರ್ಗಮೂಲ 0.85, 6.5ನ್ನು ಇದರಿಂದ ಗುಣಿಸಿದರೆ ಐದೂವರೆ. ಅಂದರೆ ಬೆಲ್ಟ್ ಕದಲುವ ಮಟ್ಟಕ್ಕೆ ಬರಲೇ ಐದೂವರೆ ಪಟ್ಟು ಕರೆಂಟು ಬೇಕು. ಕದಲಿದ ಮೇಲೆ ವೇಗ ಪಡೆಯಲು ಇನ್ನೂ ಸ್ವಲ್ಪ ಬೇಕು. ಆಗ ನೇರ ಆರಂಭಕ್ಕೂ ಇದಕ್ಕೂ ಕರೆಂಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಸ್ಟಾರಿನಲ್ಲಿ ಶೇಕಡಾ 60 ಟಾರ್ಕ್ ಮಾತ್ರ ಸಿಗುವುದರಿಂದಲೇ ಬೆಲ್ಟ್ ಈಗ ಕದಲುತ್ತಿಲ್ಲ, ಮತ್ತು ಗೇರ್‌ಬಾಕ್ಸಿಗೆ ಏಟು ಬೀಳುತ್ತಿರುವುದೂ ಅದೇ ಕಾರಣಕ್ಕೆ.

ಕಿಕ್ ಸ್ಟಾರ್ಟ್ ಇದಕ್ಕೆ ಪರಿಹಾರವಲ್ಲ. ಅದು ಒಂದು ಸೆಕೆಂಡಿನೊಳಗೆ ಹೆಚ್ಚಿನ ವೋಲ್ಟೇಜ್ ಕೊಟ್ಟು, ಅಂಟಿಕೊಂಡ ಬೇರಿಂಗನ್ನೋ ಬಿಗಿಯಾದ ಸೀಲನ್ನೋ ಬಿಡಿಸುವುದಕ್ಕೆ ಇರುವ ಸೌಲಭ್ಯ. ನಿಮ್ಮ ಬೆಲ್ಟಿನ ಮೇಲಿನ ಸರಕು ಮೊದಲ ಸೆಕೆಂಡಿನ ನಂತರವೂ ಅಲ್ಲೇ ಇರುತ್ತದೆ. ಕಿಕ್ ಮುಗಿದು ವೋಲ್ಟೇಜ್ ಇಳಿದೊಡನೆ ಬೆಲ್ಟ್ ಮತ್ತೆ ನಿಲ್ಲುತ್ತದೆ, ಜೊತೆಗೆ ನೀವು ತಪ್ಪಿಸಬೇಕೆಂದಿದ್ದ ಏಟನ್ನು ಗೇರ್‌ಬಾಕ್ಸ್ ತಿಂದಿರುತ್ತದೆ.

ಕನ್ವೇಯರಿಗೆ ವಿಎಫ್‌ಡಿಯನ್ನೇ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಹಾಕಿ ಎಂಬುದು ನನ್ನ ಸಲಹೆ. ಅದು ವೋಲ್ಟೇಜಿನೊಂದಿಗೆ ಆವರ್ತನವನ್ನೂ ಬದಲಿಸುವುದರಿಂದ ಶೇಕಡಾ 150 ಟಾರ್ಕನ್ನು ಸುಮಾರು ಒಂದೂವರೆ ಪಟ್ಟು ಕರೆಂಟಿನಲ್ಲೇ ಕೊಡಬಲ್ಲದು. ಕೊಳ್ಳುವಾಗ ಭಾರಿ ಹೊರೆಯ ಶ್ರೇಣಿಯದನ್ನೇ ಕೇಳಿ. ಅದಕ್ಕೆ ಹಣ ಒದಗದಿದ್ದರೆ ಫ್ಲೂಯಿಡ್ ಕಪ್ಲಿಂಗ್ (ದ್ರವದ ಮೂಲಕ ಟಾರ್ಕ್ ಸಾಗಿಸುವ ಜೋಡಣೆ) ಹಾಕಿ ಮೋಟಾರನ್ನು ಹೊರೆಯಿಲ್ಲದೆ ಹೊರಡಿಸುವುದು ಎರಡನೆಯ ದಾರಿ. ಖಾಲಿ ಬೆಲ್ಟಿನಲ್ಲಿ ಮಾತ್ರ ಆರಂಭಿಸುತ್ತೇವೆಂಬ ಭರವಸೆಯ ಮೇಲೆ ಸಾಫ್ಟ್ ಸ್ಟಾರ್ಟರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ತುಂಬಿದ ಬೆಲ್ಟ್ ನಿಲ್ಲುವ ದಿನ ಬಂದೇ ಬರುತ್ತದೆ, ಅಂದು ಸರಕನ್ನು ಕೈಯಿಂದ ಇಳಿಸಬೇಕಾದವರು ಕೆಲಸಗಾರರು.

ಉಳಿದೆರಡನ್ನು ಚಾಲನೆಗೆ ತರುವಾಗ ನೆನಪಿಡಬೇಕಾದ್ದು: ಸ್ಟಾರ್ಟರಿನಲ್ಲಿ ನಮೂದಿಸುವ ರ‍್ಯಾಂಪ್ ಕಾಲವು ವೋಲ್ಟೇಜ್ ಏರುವ ಕಾಲ, ಮೋಟಾರು ವೇಗ ಪಡೆಯುವ ಕಾಲವಲ್ಲ. ಬ್ಲೋವರಿನ ಮೊದಲ ಆರಂಭದಲ್ಲಿ ಒಬ್ಬರು ಅಮ್ಮೀಟರಿನ ಮುಂದೆ, ಇನ್ನೊಬ್ಬರು ಟ್ಯಾಕೋಮೀಟರ್ ಹಿಡಿದು ಶಾಫ್ಟಿನ ಬಳಿ ನಿಲ್ಲಿ. ಕರೆಂಟು 720 ಆಂಪಿಯರಿನ ಸುತ್ತ ನಿಂತೇ ಇರುತ್ತದೆ, ಮೋಟಾರಿನ ಗುಂಯ್‌ಗುಡುವ ಸದ್ದು ಮೆಲ್ಲನೆ ಏರುತ್ತಾ ಹೋಗುತ್ತದೆ. ಪೂರ್ಣ ವೇಗದ ಹತ್ತಿರ ಬಂದಾಗ ಸದ್ದು ಹಗುರವಾಗಿ, ಮುಳ್ಳು ಒಮ್ಮೆಗೇ 160ಕ್ಕಿಂತ ಕೆಳಗೆ ಬೀಳುತ್ತದೆ. ಬೈಪಾಸ್ ಮುಚ್ಚಬೇಕಾದ್ದು ಅದರ ನಂತರ. ಬೈಪಾಸ್ ಮುಚ್ಚಿದಾಗ ಮುಳ್ಳು ಮೇಲಕ್ಕೆ ಹಾರಿದರೆ ಆರಂಭ ಇನ್ನೂ ಮುಗಿದಿರಲಿಲ್ಲವೆಂದು ತಿಳಿಯಿರಿ. ಆಗ ಮಿತಿಯನ್ನು ಕಾಲು ಪಟ್ಟಿನಷ್ಟು ಏರಿಸಿ, ಮೋಟಾರು ತಣಿಯಲು ತಯಾರಕರು ಹೇಳಿದಷ್ಟು ಬಿಡುವು ಕೊಟ್ಟು, ಮತ್ತೆ ನೋಡಿ.